ಆರು ಎಕರೆ ಬದು

ಪರಿಶೀಲನೆಗೆ ಹೋದ ಅಧಿಕಾರಿಯ ಬೂಟು ಒದ್ದೆಯಾದರೆ ಅದು ನೀರು, ಆಗದಿದ್ದರೆ ನೆಲ. ಯುವಕೃಷಿಕ ಸಹಾಯ ಬ್ಯಾಂಕಿನ ನಲವತ್ತೊಂದನೇ ಸುತ್ತೋಲೆಯ ಈ ವ್ಯಾಖ್ಯೆಗೆ ಇದುವರೆಗೆ ಯಾವ ತಕರಾರೂ ಬಂದಿಲ್ಲ. ತಕರಾರು ಸಲ್ಲಿಸುವ ನಮೂನೆ ಇನ್ನೂ ಅಚ್ಚಾಗಬೇಕಿದೆ.

ಬದಿಯಡ್ಕದ ಅನಸೂಯಾ, ಕೃಷಿ ಪದವೀಧರೆ, ವಯಸ್ಸು ಇಪ್ಪತ್ತೊಂಬತ್ತು, ಏಲೂರಿನಾಚೆ ಹಿನ್ನೀರಿನ ದಂಡೆಯಲ್ಲಿ ಆರು ಎಕರೆ ಪೊಕ್ಕಾಳಿ ಗದ್ದೆಯನ್ನು ಗೇಣಿಗೆ ಹಿಡಿದಿದ್ದಳು. ಮಳೆಗಾಲದಲ್ಲಿ ಅಲ್ಲಿ ಭತ್ತ, ಆಮೇಲೆ ಉಪ್ಪುನೀರು, ಸಿಗಡಿ. ಅಲ್ಲಿಯವರ ಅಜ್ಜಂದಿರ ಕಾಲದಿಂದಲೂ ಹೀಗೇ ನಡೆದುಬಂದಿತ್ತು, ಬ್ಯಾಂಕಿನ ಅನುಮತಿಯಿಲ್ಲದೆ. ಗದ್ದೆಯ ಯಜಮಾನ ಅಚ್ಯುತೇಟ್ಟನ್ ಮಗಳೇ ಎಂದು ಕರೆದು ಒಂದೇ ಮಾತು ಹೇಳಿದ್ದರು: "ಜೂನ್‌ನಲ್ಲಿ ಬೀಜ ಬೀಳಬೇಕು ಮೋಳೇ. ಇಲ್ಲದಿದ್ದರೆ ವರ್ಷವಿಡೀ ಸಿಗಡಿಯವರಿಗೆ ಕೊಟ್ಟುಬಿಡ್ತೇನೆ." ಅವಳಿಗೆ ಬೇಕಾಗಿದ್ದದ್ದು ಆ ಬೀಜಕ್ಕೆ ಸಾಲ, ಅಷ್ಟೇ.

ಫೆಬ್ರವರಿಯಲ್ಲಿ ಎಡಪ್ಪಳ್ಳಿ ಶಾಖೆಯ ಮ್ಯಾನೇಜರ್ ನಿತ್ಯಾನಂದ ಬಂದರು. ಕುಂದಾಪುರದ ಕಡೆಯವರು, ಸಜ್ಜನರು. ಒಂದು ಹೆಜ್ಜೆ ಇಟ್ಟು ಮೊಣಕಾಲಿನವರೆಗೆ ಇಳಿದರು.

"ಇದು ನೀರು ಮಾರಾಯ್ತಿ. ನಾನೆಂತ ಮಾಡ್ಲಿಕ್ಕಾಗ್ತದೆ? ಫೈಲು ತಿರುವನಂತಪುರಕ್ಕೆ, ಮೀನು ವಿಭಾಗಕ್ಕೆ ಹೋಗ್ಬೇಕು."

ಮೇ ತಿಂಗಳಲ್ಲಿ ಮೀನು ವಿಭಾಗದ ಹೃಷಿಕೇಶ್ ಬಂದರು. ಅಷ್ಟರಲ್ಲಿ ನೀರು ಬಸಿದು ಗದ್ದೆ ಬಿರಿದಿತ್ತು. ಅವರು ಕುಕ್ಕರಗಾಲಲ್ಲಿ ಕೂತು ಪ್ರಾಮಾಣಿಕವಾಗಿ ಮೀನು ಹುಡುಕಿದರು. ಸಿಗಲಿಲ್ಲ. "ಇದು ಭೂಮಿ" ಎಂದು ಬರೆದು ಫೈಲನ್ನು ಎಡಪ್ಪಳ್ಳಿಗೆ ಹಿಂದಿರುಗಿಸಿದರು. ಅದು ತಲುಪುವಾಗ ಮತ್ತೆ ಫೆಬ್ರವರಿ, ಮತ್ತೆ ನೀರು.

ಒಂದು ಜೂನ್ ಹೀಗೆ ಹೋಯಿತು. ಅನಸೂಯಾ ಗೋಗರೆದು ಅಚ್ಯುತೇಟ್ಟನ್‌ರಿಂದ ಗಡುವು ಪಡೆದಳು, ರೈಲು ಹತ್ತಿ ತಿರುವನಂತಪುರದ ಮುಖ್ಯ ಕಚೇರಿಯಲ್ಲಿ ಮೂರು ದಿನ ಬೆಂಚು ಸವೆಸಿದಳು. ಅವಳ ಹಟಕ್ಕೆ ಮಣಿದು ಬ್ಯಾಂಕು ಜಂಟಿ ಪರಿಶೀಲನೆಗೆ ಆದೇಶಿಸಿತು. ಇಬ್ಬರು ಅಧಿಕಾರಿಗಳೂ ಒಟ್ಟಿಗೆ ನಿಲ್ಲಲು ಸಾಧ್ಯವಾದದ್ದು ಗದ್ದೆಯ ಬದುವಿನ ಮೇಲೆ. ಹನ್ನೆರಡು ತಿಂಗಳೂ ಒಣಗಿರುವುದು ಅದೊಂದೇ. ಆದಕಾರಣ ಬದುವಿಗೆ ಸಾಲ ಮಂಜೂರಾಯಿತು.

"ಬೀಜಕ್ಕೆ, ಸರ್?"

"ಬೀಜ ಗದ್ದೆಯದ್ದಲ್ವಾ? ಮೊದಲು ಬದುವಿನಲ್ಲಿ ಪ್ರಗತಿ ತೋರಿಸು. ಪೂರ್ತಿ ಪ್ರಗತಿಯಾದ್ರೆ ಬೀಜ ತನ್ನಿಂತಾನೇ ಬರ್ತದೆ" ಎಂದರು ನಿತ್ಯಾನಂದ.

ಬದುವಿನ ಪ್ರಗತಿ ಎಂದರೆ ಅಗಲ. ಮೂರಡಿಯ ಬದು ಹತ್ತಡಿಯಾಯಿತು. ಪ್ರಗತಿ ಶೇಕಡಾ ಹನ್ನೊಂದು. ಕೆಂಪು ಮಣ್ಣಿನ ಲಾರಿಗಳು ಬಂದವು, ಆಮೇಲೆ ಅವೇ ಲಾರಿಗಳು ಬದುವಿನ ಮೇಲೆ ತಿರುಗಿಕೊಳ್ಳುವಷ್ಟು ಜಾಗವಾಯಿತು. ಬೀಜ ಸಿಕ್ಕೀತೆಂಬ ಆಸೆಗೆ ಅವಳು ಗದ್ದೆಯನ್ನು ಗೇಣು ಗೇಣಾಗಿ ಮುಚ್ಚಿದಳು. ಬ್ಯಾಂಕಿನ ಪತ್ರ ತೋರಿಸಿದಾಗಲೆಲ್ಲ ಅಚ್ಯುತೇಟ್ಟನ್, ಮೊಹರು ಇದೆಯಲ್ಲ ಎಂದು ಗಡುವು ಮುಂದಕ್ಕೆ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಅವಳು ಬ್ಯಾಂಕಿಗೆ ಬರೆದದ್ದಕ್ಕೆ, ಸದರಿ ಗಾದೆ ಬೇಲಿಗೆ ಮಾತ್ರ ಅನ್ವಯಿಸುತ್ತದೆ, ಬದುವಿಗಲ್ಲ ಎಂಬ ಸ್ಪಷ್ಟೀಕರಣ ಬಂತು. ಅಕ್ಕಪಕ್ಕದ ಯುವಕರೂ ಬದುಸಾಲಕ್ಕೆ ಅರ್ಜಿ ಹಾಕಿದರು.

ನಾಲ್ಕನೇ ವರ್ಷ, ಮೇ ಕೊನೆಯ ವಾರ, ಆರು ಎಕರೆಯೂ ಬದುವಾಯಿತು. ಪ್ರಗತಿ ಶೇಕಡಾ ನೂರು. ಕೊಟ್ಟ ಮಾತಿನಂತೆ ಬ್ಯಾಂಕು ಬೀಜ ಕಳಿಸಿತು. ಉತ್ತಮ ಪೊಕ್ಕಾಳಿ ಭತ್ತ, ಹನ್ನೆರಡು ಚೀಲ. ಜೊತೆಗೊಂದು ಷರತ್ತು: ಜೂನ್ ಮುಗಿಯುವುದರೊಳಗೆ ಬೀಜ ಪೂರ್ಣವಾಗಿ ಬಳಕೆಯಾಗಿರಬೇಕು.

ಅನಸೂಯಾ ಚೀಲ ಬಿಚ್ಚಿ ಕಾಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಅಳು ಬಂತು, ಅತ್ತಳು. ಆಮೇಲೆ ಭತ್ತವನ್ನು ಮಿಲ್ಲಿಗೆ ಕಳಿಸಿದಳು.

ಜೂನ್ ಮೂವತ್ತರಂದು ಬದುವಿನ ಮೇಲೆ ಶಾಮಿಯಾನ ಹಾಕಿ ಊರಿಗೆಲ್ಲ ಗಂಜಿ ಬಡಿಸಲಾಯಿತು. ಹೃಷಿಕೇಶ್ ತಿರುವನಂತಪುರದಿಂದ ಬೆಳಗಿನ ರೈಲಿಗೇ ಬಂದರು. ಅಚ್ಯುತೇಟ್ಟನ್ ಎರಡನೇ ಸಲ ಹಾಕಿಸಿಕೊಂಡರು. ನಿತ್ಯಾನಂದ ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು, ಬೀಜ ಪೂರ್ಣವಾಗಿ ಬಳಕೆಯಾಗಿದೆ ಎಂದು ಸಹಿ ಹಾಕಿದರು.

"ಭಾರೀ ಲಾಯ್ಕಿತ್ತು ಗಂಜಿ" ಎಂದರು. "ಬರುವ ವರ್ಷಕ್ಕೂ ಇದೇ ಭತ್ತ ಹಾಕು."

"ಆಯ್ತು ಸರ್" ಎಂದಳು ಅನಸೂಯಾ.