ಹುಳ ಸಾಕುವ ನೌಕರಿ

ನಮ್ಮ ಪ್ರಯೋಗಾಲಯದಲ್ಲಿ ನೆಟ್ಟಗೆ ಕಳೆದ ವಾರವೊಂದು ನನಗೆ ನೆನಪಿಲ್ಲ. ವಿಜಯಪುರದ ಹೊರಗೆ, ತೊರವಿ ಕಡೆಗೆ ಇರುವ ಸಣ್ಣ ಸಂಶೋಧನಾ ಕೇಂದ್ರ ನಮ್ಮದು. ದ್ರಾಕ್ಷಿಯನ್ನು ಹಾಳುಮಾಡುವ ಬಿಳಿ ಹಿಟ್ಟುತಿಗಣೆಯನ್ನು ಕುಂಬಳಕಾಯಿ ಮೇಲೆ ಸಾಕುತ್ತೇವೆ. ಅದನ್ನು ತಿಂದು ಗುಲಗಂಜಿ ಹುಳಗಳು ಬೆಳೆಯುತ್ತವೆ. ಬೆಳೆದ ಗುಲಗಂಜಿ ಹುಳಗಳನ್ನು ರೈತರ ತೋಟಕ್ಕೆ ಬಿಡುತ್ತೇವೆ.

ಈ ನೌಕರಿಯ ಲಾಭವೆಂದರೆ ಸುಡು ಬೇಸಿಗೆಯಲ್ಲೂ ಎಸಿ. ನಷ್ಟವೆಂದರೆ ಆ ಎಸಿ ಹುಳಗಳ ಕೋಣೆಗೆ, ನಮಗೆ ಬರೀ ಫ್ಯಾನು. ಕರೆಂಟ್ ಹೋದರೆ ಹುಳಗಳ ಗತಿ ಏನು ಎಂದು ಸದಾ ಚಡಪಡಿಕೆ. ತಿಕೋಟಾದ ಮನೆಯಲ್ಲಿ ಊಟಕ್ಕೆ ಕೂತರೂ ಕಣ್ಣು ಫೋನಿನ ಮೇಲೆಯೇ. ಅವ್ವ ಕೇಳುತ್ತಾಳೆ, “ಹುಳಕ್ಕ ರವಿವಾರ ಅನ್ನೂದು ಇಲ್ಲೇನವಾ?”

ಕುಂಬಳಕಾಯಿ

ಸಂತೆಯಲ್ಲಿ ಪ್ರತಿ ವಾರ ಚೀಲಗಟ್ಟಲೆ ಕುಂಬಳಕಾಯಿ ಒಯ್ಯುವ ನನ್ನನ್ನು ಕಾಯಿಪಲ್ಲೆ ಮಾರುವಾಕೆ ಒಂದು ದಿನ ತಡೆದಳು.

“ಯಾವ ಹಾಸ್ಟೆಲ್ ನಡಸ್ತೀರಿ ಅಕ್ಕಾರ? ಪಾಪ, ಹುಡುಗೂರು ದಿನಾ ಇದನ್ನ ತಿಂತಾವೇನ್ರಿ?”

“ಹಾಸ್ಟೆಲ್ ಅಲ್ರಿ, ಹುಳಾ ಬೆಳಸಾಕ ಬೇಕು” ಎಂದೆ.

ಆಕೆ ಚೀಲಕ್ಕೆ ಕಾಯಿ ತುಂಬಿಕೊಟ್ಟಳು. ಮುಂದಿನ ವಾರ ಹೋದರೆ ಒಂದು ಚೀಲವನ್ನು ಬೇರೆಯೇ ಎತ್ತಿಟ್ಟಿದ್ದಳು. ಒಳಗೆ ಎಲ್ಲ ಕೊಳೆತ ಕಾಯಿ.

“ನಿಮಗಂತನ ಆರಿಸಿ ಇಟ್ಟೇನ್ರಿ. ಇವಕ್ಕ ಆಗಲೇ ಹುಳಾ ಹತ್ಯಾವ. ನಿಮ್ಮ ಅರ್ಧಾ ಕೆಲಸ ಮುಗದಂಗ.”

ಡಬ್ಬಿ

ಬಿಜ್ಜರಗಿಯಿಂದ ಬಂದ ದ್ರಾಕ್ಷಿ ಬೆಳೆಗಾರರೊಬ್ಬರು ಹುಳಗಳ ಕೋಣೆಯಲ್ಲಿ ಹಿಟ್ಟುತಿಗಣೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

“ಇವನ್ನ ಕೊಲ್ಲಾಕ ನಾವು ಬಿಸಲಾಗ ಎಣ್ಣಿ ಹೊಡದು ಸಾಯಾಕತ್ತೇವಿ. ನೀವು ಎಸಿ ಹಾಕಿ ಜ್ವಾಕಿ ಮಾಡಾಕತ್ತೀರಲ್ರಿ.”

ಎಲ್ಲ ಬಿಡಿಸಿ ಹೇಳಿ, ಒಂದು ಡಬ್ಬಿ ಗುಲಗಂಜಿ ಹುಳ ಕೊಟ್ಟು, ಇವನ್ನು ಬಿಟ್ಟ ಮೇಲೆ ಔಷಧಿ ಎಣ್ಣೆ ಹೊಡೆಯಬೇಡಿ ಎಂದು ಎಚ್ಚರಿಸಿ ಕಳಿಸಿದೆ. ನಾಲ್ಕು ದಿನದ ಮೇಲೆ ಕುತೂಹಲ ತಡೆಯಲಾಗದೆ ನಾನೇ ಫೋನ್ ಮಾಡಿದೆ.

“ಹುಳಾ ಹೆಂಗದಾವ್ರಿ?”

“ನೀವು ಹೇಳಿದಂಗ ಬಿಟ್ಟೇನ್ರಿ ಮೇಡಂ. ಮರುದಿನ ನಮ್ಮ ತಮ್ಮ ತೋಟಕ್ಕ ಹೋಗಿ, ಇದ್ಯಾವುದೋ ಹೊಸಾ ರೋಗ ಬಂದೈತಿ ಅಂತ ಎಣ್ಣಿ ಹೊಡದಾನ. ಹಳೇವು ಹಂಗ ಅದಾವ. ನಿಮ್ಮವು ಅಷ್ಟ ಹೋದ್ವು.”

ಹೆಣ್ಣು ನೋಡಲು ಬಂದವರು

ಬಬಲೇಶ್ವರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ, ಅವನ ತಂದೆ, ತಾಯಿ. ಬಿರುಬಿಸಿಲ ಮಧ್ಯಾಹ್ನ. ಚಹಾದ ತಾಟು ಇಡುವಷ್ಟರಲ್ಲಿ ಪ್ರಯೋಗಾಲಯದ ಗೆಳತಿಯ ಫೋನ್ ಬಂತು. ಮುಂಜಾನೆಯಿಂದ ಕರೆಂಟ್ ಇಲ್ಲ, ಜನರೇಟರ್ ಕೆಟ್ಟಿದೆ. ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು.

“ಎಲ್ಲಾ ಸತ್ವಾ? ಒಂದೂ ಉಳಿದಿಲ್ಲಾ? ಮರಿ ಸೈತ ಹೋದ್ವಾ?”

ವರ್ಷದ ಪ್ರಯೋಗ ಮಣ್ಣುಪಾಲಾಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ಹುಡುಗನ ತಂದೆ ಮೆತ್ತಗೆ ಕೇಳಿದರು, “ಕುರಿ ಏನವಾ?”

“ಅಲ್ರಿ.”

“ಆಡು?”

ಅವ್ವ ಕಣ್ಣಿನಲ್ಲೇ ಬೇಡವೆಂದಳು. ಆದರೂ ಹೇಳಿದೆ, “ಹುಳಾರಿ.”

ಹುಡುಗ ನಗು ತಡೆಯಲು ಚಹಾದ ಕಪ್ಪಿನೊಳಗೆ ಮುಖ ಹಾಕಿದ. ಈ ಸಂಬಂಧವೂ ಮುರಿಯಿತೆಂದು ಅವ್ವ ತಲೆ ಮೇಲೆ ಕೈಯಿಟ್ಟಳು. ಹುಡುಗನ ತಾಯಿ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಂಡನ ಕಡೆ ತಿರುಗಿದರು.

“ಹುಳಾ ಸತ್ತಿದ್ದಕ್ಕ ಇಷ್ಟು ಅಳಾಕತ್ತಾಳಂದ್ರ, ನಾಳೆ ಅತ್ತಿ ಸತ್ರ ಎಷ್ಟು ಅಳಬಾರದು? ನನಗ ಹುಡುಗಿ ಪಸಂದ ಅದಾಳ ನೋಡ್ರಿ.”