ಲಾಸ್ಲೋ ಮನೆ ಬಾಗಿಲಿಗೆ ಬಿಳಿ ಸೇವಂತಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅನುವಾದದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಇದ್ದಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು!

ದೋಹಾದಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲಿ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಬೇರೆ ಬೇರೆ ಭಾಷೆಗಳಿಗೆ ಮಾಡಿಸುತ್ತಾರೆ. ಅನುವಾದ ಮಾಡುವವರು ಬೇರೆಯವರು. ಒಂದೇ ಇಂಗ್ಲಿಷ್ ಪದಕ್ಕೆ ನಾಲ್ಕಾರು ಅರ್ಥಗಳಿದ್ದಾಗ, ಇಲ್ಲಿ ಯಾವ ಅರ್ಥ ಎಂದು ಪಕ್ಕದಲ್ಲಿ ಗುರುತು ಹಾಕುವುದು ನನ್ನ ಕೆಲಸ. ಸ್ಪ್ರಿಂಗ್ ಎಂದರೆ ಇಲ್ಲಿ ವಸಂತ ಋತುವಲ್ಲ, ಉಕ್ಕಿನ ಸುರುಳಿ. ಸೀಲ್ ಎಂದರೆ ಕಡಲಪ್ರಾಣಿಯಲ್ಲ, ಎಣ್ಣೆ ಸೋರದಂತೆ ಹಾಕುವ ರಬ್ಬರ್ ಬಳೆ. ಹೋದ ವರ್ಷ ಒಂದು ಪಂಪಿನ ಕೈಪಿಡಿ ಹಂಗೇರಿಯನ್ ಭಾಷೆಗೆ ಹೋಯಿತು. ಅದನ್ನು ಓದಿ ನೋಡಿಕೊಟ್ಟವರು ಅಲ್ ಸದ್ದ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿರುವ ಲಾಸ್ಲೋ. ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಹಂಗೇರಿಯನ್‌ನಲ್ಲಿ ನಟ್ಟಿಗೂ ‘ಅನ್ಯ’, ಅಮ್ಮನಿಗೂ ‘ಅನ್ಯ’ ಎನ್ನುತ್ತಾರಂತೆ. “ನೀವು ಗುರುತು ಹಾಕದೇ ಹೋಗಿದ್ರೆ ನಮ್ಮವರು ಅಮ್ಮನನ್ನ ಸ್ಪ್ಯಾನರ್ ಹಾಕಿ ಬಿಗಿ ಮಾಡ್ತಿದ್ರು” ಎಂದು ಲಾಸ್ಲೋ ಹೊಗಳಿದರು. ಅಂದಿನಿಂದ ನನಗೆ ಹಂಗೇರಿಯನ್ ಬರುತ್ತದೆ ಎಂಬ ಭಾವನೆ ಬಂದುಬಿಟ್ಟಿತು. ಬರುತ್ತಿದ್ದದ್ದು ಆ ಒಂದು ಪದ!

ದೀಪಾವಳಿಗೆ ಸ್ವಲ್ಪ ಮುಂಚೆ ಲಾಸ್ಲೋ ಅವರ ತಾಯಿ ಊರಿಂದ ಬಂದರು. ಹೆಸರು ಇಲೋನಾ, ನಮ್ಮ ಬಾಯಲ್ಲಿ ಇಲೋನಮ್ಮ. ಎತ್ತರದ, ಒಣಗಿದ ಕಡ್ಡಿಯಂಥ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಪ್ಪು ಬಟ್ಟೆ ಬಿಟ್ಟು ಬೇರೆ ತೊಟ್ಟಿಲ್ಲವಂತೆ. ಉಳಿದಿರುವುದು ಈ ಒಬ್ಬ ಮಗ. ನಮ್ಮ ಮಹಡಿಯ ಕಾರಿಡಾರಿನಲ್ಲಿ ಯಾರಾದರೂ ನಡೆದರೆ ತಾನಾಗಿ ಹತ್ತಿಕೊಳ್ಳುವ ದೀಪಗಳಿವೆ. ಬೆಕ್ಕು ಓಡಿದರೂ ಹತ್ತುತ್ತವೆ. ಇಲೋನಮ್ಮ ನಡೆದರೆ ಮಾತ್ರ ಹತ್ತುತ್ತಿರಲಿಲ್ಲ. ಕಸದ ಚೀಲ ಇಡಲು ಬಾಗಿಲು ತೆರೆದರೆ, ಆ ಕತ್ತಲಲ್ಲಿ ಎರಡು ಬಿಳಿ ಕಣ್ಣು ನನ್ನನ್ನೇ ನೋಡುತ್ತಿರುತ್ತಿದ್ದವು. ಸದ್ದಿಲ್ಲ, ಹೆಜ್ಜೆಯಿಲ್ಲ. ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಅಷ್ಟರಲ್ಲಿ ಲಾಸ್ಲೋ ಕಾರ್ಖಾನೆಯಲ್ಲಿ ಶಟ್‌ಡೌನ್ ಬಂತು. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಸಮಯ. ಒಂದು ವಾರ ಅಲ್ಲೇ ಕಂಪನಿ ಕ್ವಾರ್ಟರ್ಸ್‌ನಲ್ಲಿ ವಾಸ, ರಾತ್ರಿ ಪಾಳಿ.

“ಒಳಗೆ ಫೋನ್ ಬಿಡಲ್ಲ. ಹಗಲು ನಾನು ಫೋನ್ ಆಫ್ ಮಾಡಿ ಮಲಗಿರ್ತೀನಿ. ಅಮ್ಮನಿಗೆ ಹಂಗೇರಿಯನ್ ಬಿಟ್ಟು ಇನ್ನೇನೂ ಬರಲ್ಲ. ಸ್ವಲ್ಪ ನೋಡ್ಕೊಳ್ತೀರಾ?” ಎಂದರು ಲಾಸ್ಲೋ.

“ನಾನಿದ್ದೀನಲ್ಲ!” ಎಂದೆ.

ಅವರು ಹೋದ ಮೇಲೆ ನಮ್ಮ ಯಜಮಾನರು ಮೊಬೈಲಿನಿಂದ ತಲೆ ಎತ್ತದೇ, “ಲೇ, ನಿಂಗೆ ತೆಲುಗೇ ನೆಟ್ಟಗೆ ಬರಲ್ಲ” ಎಂದರು. ಮೈಸೂರಿನವರಿಗೆ ಹೆಂಡತಿಯ ಪ್ರತಿಭೆ ಕಾಣುವುದು ಸ್ವಲ್ಪ ತಡ.

ದೀಪಾವಳಿ ಬಂತು. ಈ ಸಲ ನವೆಂಬರ್ ಶುರುವಿಗೇ ಬಿದ್ದಿತ್ತು. ಮಗ ಇಲ್ಲದ ಮನೆಯಲ್ಲಿ ಒಬ್ಬಳೇ ಕೂತ ತಾಯಿ, ಹಬ್ಬದ ದಿನ ಅವರ ಬಾಗಿಲು ಬೋಳಾಗಿರಬಾರದು ಅನ್ನಿಸಿತು. ಒಂದು ಶುಭಾಶಯದ ಕಾರ್ಡು, ಅದೂ ಹಂಗೇರಿಯನ್‌ನಲ್ಲಿ! ತಾಯಿಗೆ ಮಗನ ಹೆಸರು ಹಿಡಿದು ಹಾರೈಸಿದರೆ ಹೆಚ್ಚು ಖುಷಿಯೆಂದು ಲಾಸ್ಲೋ ಹೆಸರನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಶುರುವಾಯಿತು ನನ್ನ ವೃತ್ತಿಪರ ಪರಿಶ್ರಮ. ‘ಲೈಟ್’ ಎಂದರೆ ಹಗುರವೂ ಹೌದು, ತೆಳು ಬಣ್ಣವೂ ಹೌದು. ನನಗೆ ಬೇಕಾದದ್ದು ಬೆಳಕು. ಬರೀ ಬೆಳಕು ಎಂದರೆ ಕರೆಂಟು ಬಂದ ಹಾಗಿರುತ್ತದೆ, ಅದಕ್ಕೇ ‘ನಿತ್ಯ ಬೆಳಕು’ ಎಂದು ಮಾಡಿದೆ. ‘ರೆಸ್ಟ್’ ಎಂದರೆ ಮಿಕ್ಕಿದ್ದೂ ಹೌದು, ಆಸರೆಯೂ ಹೌದು. ನನಗೆ ಬೇಕಾದದ್ದು ವಿಶ್ರಾಂತಿ. ಪಾಪ, ರಾತ್ರಿ ಪಾಳಿಯವರಿಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಯಾವುದಿದೆ? ಕಚೇರಿಯ ನಿಘಂಟು ಬಗೆದೆ, ಮೊಬೈಲಿನಲ್ಲಿ ನೋಡಿದೆ, ಹಂಗೇರಿಯನ್‌ನಿಂದ ವಾಪಸ್ ಇಂಗ್ಲಿಷಿಗೆ ತಿರುಗಿಸಿ ನೋಡಿದೆ. ಪದವೊಂದೂ ಅಲ್ಲಾಡಲಿಲ್ಲ. ‘ದುಡಿದು ದಣಿದ ಲಾಸ್ಲೋಗೆ ಚಿರವಿಶ್ರಾಂತಿ ಲಭಿಸಲಿ, ನಿತ್ಯ ಬೆಳಕು ಅವನ ಮೇಲೆ ಬೆಳಗಲಿ.’ ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದರೆ ಅಲ್ಲೇ ಹೊಳೆದಿರುತ್ತಿತ್ತೇನೋ. ಕನ್ನಡದಲ್ಲಿ ಯಾಕೆ ಓದಲಿ, ಆಗ ನಾನು ಹಂಗೇರಿಯನ್ ಪಂಡಿತೆ!

ಅಂಗಡಿಯಲ್ಲಿ ಹಳದಿ ಸೇವಂತಿಗೆ ಮುಗಿದಿತ್ತು, ಬಿಳಿಯದನ್ನೇ ತಂದೆ. ಹೂವಿನ ರಂಗೋಲಿ ದುಂಡಗೆ ಹಾಕೋಣವೆಂದರೆ ಕಾರಿಡಾರ್ ಇಕ್ಕಟ್ಟು. ಹಾಗಾಗಿ ಉದ್ದಕ್ಕೆ ಹಾಕಿದೆ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾದಷ್ಟು. ತಲೆಯ ಕಡೆ ಕಾರ್ಡನ್ನು ಒರಗಿಸಿ ನಿಲ್ಲಿಸಿದೆ. ಲಿಫ್ಟಿನ ಸಂದಿಯಿಂದ ಗಾಳಿ ‘ಊಂ’ ಎಂದು ನುಗ್ಗುತ್ತಿತ್ತು, ಮಣ್ಣಿನ ಹಣತೆ ನಿಲ್ಲಲಿಲ್ಲ. ಎರಡು ದಿನ ಆರದೆ ಉರಿಯುವ, ಕೆಂಪು ಗಾಜಿನ ಲೋಟದ ಮೇಣದ ದೀಪಗಳನ್ನು ಸುತ್ತ ಇಟ್ಟೆ. ಮುಸ್ಸಂಜೆ. ಗೋಡೆಯೆಲ್ಲ ಕೆಂಪಗೆ ನಡುಗುತ್ತಿತ್ತು. ಚೆನ್ನಾಗಿದೆ ಅಂದುಕೊಂಡೆ. ಬೆನ್ನಿಗೆ ಮಾತ್ರ ಯಾಕೋ ಚಳಿ ಹತ್ತಿತು.

ಬೆಲ್ ಒತ್ತಿ, ಓಡಿಬಂದು, ನಮ್ಮ ಬಾಗಿಲ ತೂತಿಗೆ ಕಣ್ಣಿಟ್ಟೆ.

ಬಾಗಿಲು ತೆರೆಯಿತು. ನನ್ನ ಓಟಕ್ಕೆ ಹತ್ತಿದ್ದ ಕಾರಿಡಾರಿನ ದೀಪ ಅಷ್ಟರಲ್ಲಿ ಆರಿತ್ತು, ಎಂದಿನಂತೆ ಅವರಿಗೆ ಹತ್ತಲಿಲ್ಲ. ಕೆಂಪು ಬೆಳಕಿನಲ್ಲಿ ಇಲೋನಮ್ಮನ ಮುಖವೊಂದೇ ತೇಲುತ್ತಿತ್ತು. ಹೂ ನೋಡಿದರು. ದೀಪ ನೋಡಿದರು. ಬಗ್ಗಿ ಕಾರ್ಡು ಓದಿದರು. ಹಾಗೇ ಮಂಡಿಯೂರಿ ಕುಸಿದು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

‘ಅಬ್ಬಾ, ಏನು ಭಕ್ತಿ!’ ಎಂದು ನಾನು ನಗುತ್ತಾ ಹೊರಬಂದೆ. ಅವರು ಗಬಕ್ಕನೆ ನನ್ನ ಕೈ ಹಿಡಿದರು. ಐಸ್ ಥರ ಕೈ. ಹೂವಿನ ರಾಶಿಯನ್ನು ತೋರಿಸಿ, ಗಂಟಲೇ ಇಲ್ಲದ ದನಿಯಲ್ಲಿ “ಲಾಸ್ಲೋ?” ಎಂದರು.

“ಹೌದು ಹೌದು, ಲಾಸ್ಲೋ!” ಎಂದು ಜೋರಾಗಿ ತಲೆಯಾಡಿಸಿದೆ. ಎಲ್ಲ ದೇವರ ದಯೆ ಎಂದು ಹೇಳಲು ಮೇಲಕ್ಕೆ ಕೈ ತೋರಿಸಿದೆ.

ಅವರು ಮೇಲೆ ನೋಡಿದರು. ನನ್ನ ಕೈ ಬಿಟ್ಟರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಪ, ಸಂತೋಷಕ್ಕೆ ಮಾತೇ ಹೊರಡಲಿಲ್ಲ ಎಂದು ನಾನು ಯಜಮಾನರಿಗೆ ವರದಿ ಒಪ್ಪಿಸಿದೆ.

ಮರುದಿನ ಬೆಳಿಗ್ಗೆ ಚಕ್ಕುಲಿ ತೆಗೆದುಕೊಂಡು ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಕಿಟಕಿಗಳೆಲ್ಲ ಹಾರು ಹೊಡೆದಿದ್ದವು, ಧೂಳಿನ ಗಾಳಿಗೆ ಪರದೆಗಳು ಒಳಕ್ಕೂ ಹೊರಕ್ಕೂ ಹಾಯುತ್ತಿದ್ದವು. ಗೋಡೆಯ ಕನ್ನಡಿಗೆ ಬಿಳಿ ದುಪ್ಪಟಿ ಹೊದಿಸಿತ್ತು. ಗಡಿಯಾರ ನಿಂತಿತ್ತು. ಕೆಟ್ಟು ನಿಂತದ್ದಲ್ಲ, ಅದರ ಬ್ಯಾಟರಿ ಕೆಳಗೆ ಮೇಜಿನ ಮೇಲಿತ್ತು. ಮೇಣದ ವಾಸನೆ. ಆ ಮೇಜಿನ ಮೇಲೆ ಲಾಸ್ಲೋ ಫೋಟೋ, ಅದರ ಮುಂದೆ ಒಂದು ದೀಪ! ಇಲೋನಮ್ಮ ಕಣ್ಣು ಮುಚ್ಚಿ, ತೂಗುತ್ತಾ, ಏನೋ ಗುನುಗುತ್ತಿದ್ದರು.

ನನ್ನ ಕೈಯಿಂದ ಚಕ್ಕುಲಿ ಡಬ್ಬಿ ಬಿತ್ತು. ಬದುಕಿರುವ ಮಗನ ಫೋಟೋ ಮುಂದೆ ಯಾವ ತಾಯಿ ದೀಪ ಇಡುತ್ತಾಳೆ?

ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ. “ರೀ! ಲಾಸ್ಲೋ ಹೋಗ್ಬಿಟ್ರು ರೀ!”

“ಎಲ್ಲಿಗೆ?”

“ಎಲ್ಲಿಗೇನು ಎಲ್ಲಿಗೆ! ಆ ತಾಯಿ ಫೋಟೋ ಮುಂದೆ ದೀಪ ಇಟ್ಕೊಂಡು ಕೂತಿದ್ದಾರೆ. ಕಂಪನಿಯವರು ಅವರ ಊರಿಗೆ ಹೇಳಿ, ಅಲ್ಲಿಂದ ಇವರಿಗೆ ಫೋನ್ ಬಂದಿರುತ್ತೆ. ಕಾರ್ಖಾನೇಲಿ ಏನೋ ಆಗಿದೆ!”

ಯಜಮಾನರು ಈ ಸಲ ಮೊಬೈಲಿನಿಂದ ತಲೆ ಎತ್ತಿದರು. ಲಾಸ್ಲೋಗೆ ಫೋನ್ ಮಾಡಿದರು. ಆಫ್. ಮತ್ತೆ ಮಾಡಿದರು. ಆಫ್. ಹೇಗೋ ಕಾರ್ಖಾನೆಯ ಗೇಟಿನ ನಂಬರ್ ಹುಡುಕಿ ಮಾಡಿದರೆ, ಅಲ್ಲಿನ ಕಾವಲಿನವನು “ಲಾಸ್ಲೋ ಮಾಫಿ. ಡ್ಯೂಟಿ ಖಲಾಸ್” ಎಂದು ಇಟ್ಟುಬಿಟ್ಟ.

“ಮಾಫಿ ಅಂದ್ರೆ ಅರಬ್ಬಿಯಲ್ಲಿ ‘ಇಲ್ಲ’ ಅಂತ. ಪಾಳಿ ಮುಗಿಸಿ ಹೋಗಿದ್ದಾರೆ ಕಣೇ.”

“ಅವನ ದನಿ ಕೇಳಿದ್ರಾ? ಏನೋ ಮುಚ್ಚಿಡ್ತಿದ್ದಾನೆ!” ಎಂದೆ. ಸಾವಿನ ಮನೆಯ ಲಕ್ಷಣ ಕಣ್ಣಾರೆ ಕಂಡವಳು ನಾನು. ಹಗಲು ಮಲಗುತ್ತೇನೆ ಎಂದು ಲಾಸ್ಲೋ ನನಗೇ ಹೇಳಿ ಹೋಗಿದ್ದು ಎಲ್ಲಿ ಮಾಯವಾಯಿತೋ, ನೆನಪಿಗೇ ಬರಲಿಲ್ಲ. ಅಳು ಮಾತ್ರ ಬಂತು.

ಮೇಲಿನ ಮಹಡಿಯ ಶೆಟ್ರು, ಮಂಗಳೂರು ಕಡೆಯವರು, ಅಳು ಕೇಳಿ ಇಳಿದುಬಂದರು. ಎದುರು ಬಾಗಿಲ ಮುಂದಿನ ಹೂ, ದೀಪ ನೋಡಿದವರೇ ಚಪ್ಪಲಿ ಬಿಟ್ಟು ಕೈಮುಗಿದರು. “ಎಂಥ ಮಾರಾಯ್ರೆ, ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದ್ದ ಜನ! ಹೂವೆಲ್ಲ ಹಾಕಿ ಆಯ್ತಾ? ಯಾರು ಹಾಕಿದ್ದು?”

“ನಾನೇ” ಎಂದೆ ಮೂಗೊರೆಸಿಕೊಳ್ಳುತ್ತಾ.

“ಒಳ್ಳೇ ಕೆಲಸ ಮಾಡಿದ್ರಿ.”

ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ! ಶೆಟ್ರು ನಮ್ಮ ಕಟ್ಟಡದ ಭಾರತೀಯರ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕಿದರು. ‘ಓಂ ಶಾಂತಿ’ಗಳು ಮಳೆಯಂತೆ ಸುರಿದವು. ಮನೆಯವರು ಯಾರಾದರೂ ನೋಡಲಿ ಎಂದು ಲಾಸ್ಲೋ ನಂಬರಿಗೇ ಒಂದು ಸಂತಾಪ ಕಳಿಸಿದರು.

ಮಧ್ಯಾಹ್ನವಿಡೀ ನಾನು ಇಲೋನಮ್ಮನ ಪಕ್ಕದಲ್ಲಿ ಕೂತೆ. ಗಾಳಿ ಕೊಠಡಿಯಿಂದ ಕೊಠಡಿಗೆ ಓಡಾಡುತ್ತಿತ್ತು. ಹೊದಿಸಿದ ಕನ್ನಡಿ ಒಳಗಿಂದ ಯಾರೋ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಆಕೆ ಅತ್ತಾಗ ನಾನೂ ಅತ್ತೆ. ನಾನು ಅತ್ತದ್ದು ನೋಡಿ ಆಕೆ ಇನ್ನೂ ಅತ್ತರು. ನನ್ನ ಭಯವೆಲ್ಲ ಹೋಗಿತ್ತು. ಈ ಪರದೇಶದಲ್ಲಿ, ಮಾತು ಬಾರದ ಊರಿನಲ್ಲಿ, ಇದ್ದೊಬ್ಬ ಮಗನನ್ನು ಕಳೆದುಕೊಂಡ ಮುದುಕಿ ಇನ್ನು ಯಾರ ಮುಖ ನೋಡಿಕೊಂಡು ಬದುಕಬೇಕು ಎಂದು ಕರುಳು ಕಿತ್ತುಬರುತ್ತಿತ್ತು.

ಸಂಜೆಯ ಹೊತ್ತಿಗೆ ಕಾರಿಡಾರಿನಲ್ಲಿ ಜನ ಸೇರಿದರು. ಯಾರೂ ಅಲ್ಲಾಡದೆ ನಿಂತದ್ದರಿಂದ ಮೇಲಿನ ದೀಪಗಳು ಆರಿಹೋದವು. ಉಳಿದದ್ದು ಕೆಂಪು ಲೋಟಗಳ ಬೆಳಕು. ಆಗ ಲಿಫ್ಟ್ ಬಂದು ನಿಂತಿತು. ಬಾಗಿಲು ಸರಿಯಿತು. ಒಳಗೆ, ತಲೆಯಿಂದ ಕಾಲಿನವರೆಗೆ ಬೂದಿ ಬಳಿದ ಹಾಗೆ ಬೆಳ್ಳಗಿದ್ದ ಒಂದು ಆಕೃತಿ. ಅದು ಒಂದು ಹೆಜ್ಜೆ ಮುಂದಿಟ್ಟಿತು. ಮೇಲಿನ ದೀಪಗಳೆಲ್ಲ ಒಟ್ಟಿಗೆ ಭಗ್ಗೆಂದವು.

ಲಾಸ್ಲೋ!

“ಅಯ್ಯಯ್ಯೋ, ಬಂದೇ ಬಿಟ್ಟ ಮಾರಾಯ್ರೆ!” ಎಂದು ಶೆಟ್ರು ನಮ್ಮ ಯಜಮಾನರ ಹೆಗಲೇರುವುದೊಂದು ಬಾಕಿ. ನನ್ನ ಬಾಯಿಂದ ಹೊರಟದ್ದು ಕನ್ನಡವೂ ಅಲ್ಲ, ಹಂಗೇರಿಯನ್ನೂ ಅಲ್ಲ.

ಲಾಸ್ಲೋ ನಮ್ಮ ಯಾರನ್ನೂ ನೋಡಲಿಲ್ಲ. ಆ ಬಿಳಿ ಧೂಳಿನ ಮುಖದ ಮೇಲೆ ಕಣ್ಣೀರಿನ ಗೆರೆಗಳು. ಹೂವಿನ ರಾಶಿ ಕಂಡು ಗೋಡೆ ಹಿಡಿದುಕೊಂಡರು. “ಅಮ್ಮನನ್ನ ಎಲ್ಲಿ ಮಲಗಿಸಿದ್ದೀರಿ?” ಎಂದು ಕೇಳಿದರು. ರಾತ್ರಿ ಪಾಳಿ ಮುಗಿಸಿ, ಕಾರ್ಖಾನೆಯ ಧೂಳು ಮೆತ್ತಿದ ಮೈ ಕೂಡ ತೊಳೆಯದೆ ಮಲಗಿದ್ದರಂತೆ. ಎದ್ದು ಫೋನ್ ಆನ್ ಮಾಡಿದರೆ ತಾಯಿಯ ನಂಬರಿನಿಂದ, ನಮ್ಮಿಂದ, ರಾಶಿ ರಾಶಿ ಕರೆ. ಮೇಲೆ, ಹೋದದ್ದು ಯಾರೆಂದು ಹೆಸರಿಲ್ಲದ ಶೆಟ್ರ ಸಂತಾಪ. ಹೋದದ್ದು ತನ್ನ ತಾಯಿಯೆಂದೇ ಟ್ಯಾಕ್ಸಿ ಹತ್ತಿ ಓಡಿಬಂದಿದ್ದರು.

ಆಗ ಬಾಗಿಲಲ್ಲಿ ಇಲೋನಮ್ಮ ಕಾಣಿಸಿಕೊಂಡರು. ತಾಯಿಯೂ ಮಗನೂ ಒಬ್ಬರಿಗೊಬ್ಬರು ದೆವ್ವ ಕಂಡಂತೆ ನಿಂತರು. ಮುದುಕಿ ನಿಧಾನವಾಗಿ ಹೂ ತುಳಿದುಕೊಂಡು ಬಂದು, ಮಗನ ಕೆನ್ನೆ ಮುಟ್ಟಿದರು. ಬಿಸಿ ಇತ್ತೆಂದು ಕಾಣುತ್ತದೆ. ಕಾರಿಡಾರ್ ಮಾರ್ದನಿಸುವಂತೆ ಅದೇ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಬ್ಬಿಕೊಂಡು ಗೊಳೋ ಎಂದು ಅತ್ತರು.

ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಲಾಸ್ಲೋ ಕಾರ್ಡು ಎತ್ತಿಕೊಂಡು ಓದಿದರು. “ಇದನ್ನ ಬರೆದವರು ಯಾರು?”

ನನ್ನ ಯಜಮಾನರೂ ಸೇರಿದಂತೆ ಎಲ್ಲರೂ ನನ್ನನ್ನು ತೋರಿಸಿದರು.

“ಮೇಡಂ, ಒಂದೇ ಒಂದು ತಪ್ಪಿಲ್ಲ. ನಮ್ಮ ಪಾದ್ರಿಗಳು ಹೆಣದ ಮುಂದೆ ನಿಂತು ಹೇಳೋದು ಹೆಚ್ಚುಕಡಿಮೆ ಇದೇ ಮಾತು” ಎಂದರು. ಅವರ ದೇಶದಲ್ಲಿ ಸರಿಯಾಗಿ ಈ ದಿನಗಳಲ್ಲೇ ಜನರೆಲ್ಲ ಸ್ಮಶಾನಕ್ಕೆ ಹೋಗಿ, ತಮ್ಮವರ ಗೋರಿಯ ಮೇಲೆ ಸೇವಂತಿಗೆ ಇಟ್ಟು, ಕೆಂಪು ಗಾಜಿನೊಳಗೆ ದೀಪ ಹಚ್ಚುತ್ತಾರಂತೆ. ಸಾವಾದ ಮನೆಯಲ್ಲಿ ಕನ್ನಡಿ ಮುಚ್ಚಿ, ಕಿಟಕಿ ತೆರೆದು, ಗಡಿಯಾರ ನಿಲ್ಲಿಸುವುದೂ ಅಲ್ಲಿನ ಪದ್ಧತಿಯಂತೆ. ಸೇವಂತಿಗೆಯನ್ನು ಬದುಕಿದವರಿಗೆ ಯಾರೂ ಕೊಡುವುದಿಲ್ಲವಂತೆ. ನಾವು ದೇವರಿಗೆ, ಮದುಮಗಳಿಗೆ, ಹೊಸ ಕಾರಿಗೆ ಎಲ್ಲಕ್ಕೂ ಏರಿಸುವ ಹೂ! ನಾನು ಆ ತಾಯಿಯ ಹೊಸ್ತಿಲಲ್ಲಿ ಮಗನ ಗೋರಿಯನ್ನೇ ಕಟ್ಟಿ, ಹೆಸರು ಹಾಕಿ, ಬೆಲ್ ಒತ್ತಿ ಬಂದಿದ್ದೆ. ಅವರು ‘ಲಾಸ್ಲೋನಾ?’ ಎಂದು ಕೇಳಿದಾಗ ಹೌದೆಂದು ನಕ್ಕು ಆಕಾಶ ತೋರಿಸಿದ್ದೆ. ನಾನೇ ಕೊಂದು, ನಾನೇ ನಂಬಿ, ನಾನೇ ಅತ್ತವಳು! ಭೂಮಿ ಬಾಯಿಬಿಡಲಿ ಅಂದುಕೊಂಡೆ. ನಾವಿದ್ದದ್ದು ಏಳನೇ ಮಹಡಿ, ಕೆಳಗಿನ ಫ್ಲ್ಯಾಟಿಗೆ ಬೀಳುತ್ತಿದ್ದೆ ಅಷ್ಟೆ.

ಗುಂಪಿಗೆ ‘ಲಾಸ್ಲೋ ಬದುಕಿದ್ದಾರೆ, ಕ್ಷಮಿಸಿ’ ಎಂದು ಹಾಕಿದೆ. ಅದರ ಕೆಳಗೂ ಒಬ್ಬರು ‘ಓಂ ಶಾಂತಿ’ ಹಾಕಿದರು.

ಮರುದಿನ ಲಾಸ್ಲೋ ಮತ್ತೆ ಮೆಸಯೀದ್‌ಗೆ ಹೊರಟರು. ಲಿಫ್ಟಿನ ಹತ್ತಿರ ಇಲೋನಮ್ಮ ಮಗನ ಕಾಲರ್ ಸರಿಮಾಡುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಮುದುಕಿ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಹತ್ತಿರ ಎಳೆದು, ತಮ್ಮ ಕರವಸ್ತ್ರದಿಂದ ನನ್ನ ಊದಿದ ಕಣ್ಣು ಒರೆಸಿದರು. ಲಿಫ್ಟ್ ಬಂತು. ಹೋಗುವವರಿಗೆ ಒಂದು ಒಳ್ಳೆಯ ಮಾತು ಹೇಳಿ ಕಳಿಸೋಣವೆಂದು ನಾನು “ಲಾಸ್ಲೋ…” ಎಂದು ಬಾಯಿ ತೆರೆದೆ.

ಇಲೋನಮ್ಮ ಗಬಕ್ಕನೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿ, ಅದು ಕೆಳಗಿಳಿದು ಮಗ ಕ್ಷೇಮವಾಗಿ ನನ್ನ ಶುಭಾಶಯದಿಂದ ದೂರವಾಗುವವರೆಗೂ ಆ ಕೈ ತೆಗೆಯಲಿಲ್ಲ. ಹಂಗೇರಿಯನ್‌ನಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.