ಕೆರೆದಂಡೆಯ ಕೋಟೆಮನೆಗೆ ಮಾವ ಕಟ್ಟಿದ ಚರಿತ್ರೆ

ನಮ್ಮ ಸೋದರಮಾವ ಸುಳ್ಳು ಹೇಳುವುದಿಲ್ಲ. ಸತ್ಯ ತುಸು ಸಣ್ಣದಾಯಿತು ಎನಿಸಿದರೆ ಅದನ್ನು ಸ್ವಲ್ಪ ಬೆಳೆಸುತ್ತಾರೆ, ಅಷ್ಟೆ. ಸರ್ವೆಯರ್ ಆಗಿ ಮೂವತ್ತು ವರ್ಷ ಕಡಬದ ಸುತ್ತಮುತ್ತ ಭೂಮಿ ಅಳೆದವರು. ಒಂದಿಂಚು ಆಚೀಚೆ ಆಗಲು ಬಿಟ್ಟವರಲ್ಲ. ಆದರೆ ಚರಿತ್ರೆಯಲ್ಲಿ ಇನ್ನೂರು ವರ್ಷ ಹೆಚ್ಚುಕಮ್ಮಿಯಾದರೆ ಯಾರಿಗೇನು ನಷ್ಟ?

ಪಂಜದ ಹತ್ತಿರ, ಕೆರೆಯ ದಂಡೆಯಲ್ಲಿ, ಎರಡು ದುಂಡು ಗೋಪುರಗಳ ಹಳೆಯ ಮನೆಯೊಂದಿದೆ. ಊರಿನವರಿಗೆ ಅದು ಕೋಟೆಮನೆ. ಈಚೆಗೆ ಅದನ್ನು ಹೋಟೆಲು ಮಾಡಿದರು. ಬಂದವರಿಗೆ ಸಂಜೆ ಹೊತ್ತು ಮನೆಯ ಚರಿತ್ರೆ ಹೇಳಲು ಜನ ಬೇಕಾಗಿತ್ತು. ನಿವೃತ್ತರಾಗಿ ಅತ್ತೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತ ಕುಳಿತಿದ್ದ ಮಾವನನ್ನು ಮಾಲಕರು ಕರೆದರು. ಹೆಚ್ಚು ಸಂತೋಷಪಟ್ಟದ್ದು ಅತ್ತೆ.

ನಿಜವಾದ ಚರಿತ್ರೆ ಎರಡು ನಿಮಿಷದ್ದು. ಕಾಳುಮೆಣಸಿನ ವ್ಯಾಪಾರಿಯೊಬ್ಬರು ಎಲ್ಲೋ ಕೋಟೆ ನೋಡಿ ಬಂದು ಆಸೆಪಟ್ಟು ಕಟ್ಟಿಸಿದರು. ಮಕ್ಕಳು ಜಗಳವಾಡಿ ಮಾರಿದರು. ಆಮೇಲೆ ಕೆಲವು ಕಾಲ ಗೋದಾಮು, ಕೆಲವು ಕಾಲ ಬಾವಲಿಗಳ ಬಿಡಾರ, ಈಗ ಹೋಟೆಲು. ಮೊದಲ ದಿನ ಮಾವ ಇಷ್ಟು ಹೇಳಿ ಮುಗಿಸಿದಾಗ ಯಾರೋ "ಅಷ್ಟೆಯಾ?" ಎಂದರಂತೆ. ಅದು ಮಾವನಿಗೆ ನಾಟಿತು. ಮರುದಿನ ಚರಿತ್ರೆಯೊಳಗೆ ಒಬ್ಬಳು ರಾಣಿ ಬಂದಳು. ಅವಳ ಮೂಗುತಿ ಕೆರೆಗೆ ಬಿತ್ತು, ಅದನ್ನು ಮೀನು ನುಂಗಿತು. ವಾರ ಕಳೆಯುವಷ್ಟರಲ್ಲಿ ಮಂಡಿನೋವಿನ ರಾಜನೂ ಬಂದ. ಕೆರೆಯ ನೀರಿನಲ್ಲಿ ನಿಂತು ಗುಣಮುಖನಾದ. ಮರುದಿನ ಬೆಳಿಗ್ಗೆ ಮಾಲಕರು ನೋಡುತ್ತಾರೆ, ಪುತ್ತೂರಿನಿಂದ ಬಂದ ಮೂವರು ಡಾಕ್ಟರುಗಳು ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನೀರಿನಲ್ಲಿ!

"ಎಂತ ಮಾರಾಯ್ರೆ ನೀವು ಹೇಳುದು? ಇಲ್ಲಿ ರಾಜ ಯಾವಾಗ ಇದ್ದದ್ದು?" ಎಂದರು ಮಾಲಕರು.

"ಇರ್ಲಿಲ್ಲ ಅಂತ ದಾಖಲೆ ಉಂಟಾ?" ಎಂದರು ಮಾವ.

"ಇನ್ನು ಯಾರಾದ್ರೂ ದೂರು ಹೇಳಿದ್ರೆ ನೀವು ಮನೆಯಲ್ಲೇ ಕೂತ್ಕೊಳ್ಳಿ."

ಸುದ್ದಿ ಕೇಳಿ ಅತ್ತೆ ನಿಜವಾಗಿ ಹೆದರಿದರು. "ನೀನೊಮ್ಮೆ ಹೋಗಿ ನೋಡು" ಎಂದು ನನ್ನನ್ನು ಕಳುಹಿಸಿದರು.

ಆ ಸಂಜೆ ಆಲೆಟ್ಟಿಯಿಂದ ವೃದ್ಧೆಯೊಬ್ಬರು ಮಗಳ ಜೊತೆ ಬಂದಿದ್ದರು. ಮಾವ ಮಹಡಿಯ ಕಿಟಕಿ ತೋರಿಸಿ, "ರಾಣಿ ಕೆರೆ ನೋಡ್ತಾ ಇದ್ದದ್ದು ಅಲ್ಲಿಂದ" ಎನ್ನುವಾಗ ಆ ವೃದ್ಧೆ ಮೆಲ್ಲನೆ ಮಾತಾಡಿದರು.

"ರಾಣಿ ಯಾರೂ ಇರ್ಲಿಲ್ಲ. ನನ್ನ ಅಮ್ಮ ಇಪ್ಪತ್ತು ವರ್ಷ ಇಲ್ಲಿ ಪಾತ್ರೆ ತೊಳೆದದ್ದು, ಆ ಕೆರೆ ಮೆಟ್ಟಿಲಲ್ಲಿ ಕೂತು. ಅವಳಿಗೆ ಮಹಡಿ ಹತ್ಲಿಕ್ಕೆ ಇರ್ಲಿಲ್ಲ. ಮೇಲಿಂದ ಕೆರೆ ಹೇಗೆ ಕಾಣ್ತದೋ ಅಂತ ಸಾಯುವವರೆಗೂ ಹೇಳ್ತಿದ್ಲು."

ಮಾಲಕರು ಬಾಗಿಲಲ್ಲೇ ನಿಂತಿದ್ದರು. ಮಾವನ ಕೆಲಸ ಹೋಯಿತು ಎಂದುಕೊಂಡೆ.

"ನಾನು ಹೇಳಿದ್ದು ಸುಳ್ಳು ಅಕ್ಕ" ಎಂದರು ಮಾವ, ಎಲ್ಲರೆದುರು. "ನೀವು ಬನ್ನಿ."

ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಕಿಟಕಿ ತೆರೆದು ಕುರ್ಚಿ ಹಾಕಿದರು. ವೃದ್ಧೆ ಬಹಳ ಹೊತ್ತು ಕೆರೆಯನ್ನು ನೋಡುತ್ತ ಕುಳಿತರು. ಮಾವ ಅಡುಗೆಮನೆಗೆ ಹೋಗಿ ತಾವೇ ಕಾಫಿ ತಂದುಕೊಟ್ಟರು. ಕುಡಿದು ಮುಗಿಯುವವರೆಗೂ ಪಕ್ಕದಲ್ಲಿ ನಿಂತೇ ಇದ್ದರು. ಖಾಲಿ ಲೋಟ ತೆಗೆದುಕೊಳ್ಳಲು ಬಂದ ಅಡುಗೆಯವರನ್ನು, ಹಿಂದೆಯೇ ಮೇಲೆ ಬಂದಿದ್ದ ಮಾಲಕರೇ ಕಣ್ಸನ್ನೆಯಿಂದ ತಡೆದರು.

ಮಾವ ಆ ಲೋಟ ಹಿಡಿದು ಕೆಳಗಿಳಿದರು. ಕೆರೆಯ ಮೆಟ್ಟಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅದನ್ನು ನಿಧಾನವಾಗಿ ತೊಳೆದರು.